ಏರು ಹತ್ತಿಸದೆ ಕಾರು ಬಿಡದ ಕೋದಂಡಪ್ಪ

ಬೆಳಗಿನ ಐದೂವರೆ. ಬಂಗಾರಪೇಟೆಯ ರೈಲ್ವೆ ಗೇಟಿನಿಂದ ಕೂಗಳತೆಯ ದೂರದಲ್ಲಿ ತಗಡಿನ ಶೆಡ್ಡೊಂದರ ಮುಂದೆ ಹಳೆಯ ಕಪ್ಪು ಕಾರು ಬಾನೆಟ್ ತೆರೆದುಕೊಂಡು ನಿಂತಿದೆ. ಇಂಜಿನ್ ಓಡುತ್ತಿದೆ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ ಮನುಷ್ಯ ಎಡಗೈಯನ್ನು ರೇಡಿಯೇಟರಿನ ಮೇಲೆ ಮೆಲ್ಲಗೆ ಆಡಿಸುತ್ತಿದ್ದಾರೆ. ಜ್ವರದ ಮಗುವಿನ ಬೆನ್ನು ಮುಟ್ಟಿ ನೋಡಿದ ಹಾಗೆ ಒಂದೊಂದು ಕಡೆ ಕ್ಷಣಹೊತ್ತು ತಡೆದು, ಮುಂದಕ್ಕೆ ಹೋಗುತ್ತಾರೆ. ಕೆಳಗಿನ ಮೂಲೆಗೆ ಬಂದಾಗ ಕೈ ನಿಲ್ಲುತ್ತದೆ.

“ಇಲ್ಲಿ ತಣ್ಣಗೈತೆ ನೋಡಿ ಸಾಮಿ,” ಎಂದು ನನ್ನ ಕೈಯನ್ನೂ ಅಲ್ಲಿಗೆ ಎಳೆದು ಇಡುತ್ತಾರೆ. “ಎಲ್ಲಾ ಕಡೆ ಬಿಸಿ ಇರೋವಾಗ ಒಂದು ಮೂಲೆ ತಣ್ಣಗಿದ್ರೆ ಅಲ್ಲಿಗೆ ನೀರು ಓಗ್ತಿಲ್ಲ ಅಂತ. ಒಳಗೆ ಕಟ್ಕೊಂಡೈತೆ.”

ಇವರು ಕೋದಂಡಪ್ಪ. ವಯಸ್ಸು ಐವತ್ತೆರಡು. ನೋಡಿದರೆ ಇನ್ನೂ ಹತ್ತು ವರ್ಷ ಹೆಚ್ಚು ಅನ್ನಿಸುತ್ತದೆ. ಬಂಗಾರಪೇಟೆ ಸ್ಟೇಷನ್ನಿನಿಂದ ರಾಬರ್ಟ್‌ಸನ್‌ಪೇಟೆಗೆ, ಆಂಡರ್ಸನ್‌ಪೇಟೆಗೆ ಜನರನ್ನು ಸಾಗಿಸುವ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳು. ಏರಿನಲ್ಲಿ ಕುದಿಯುತ್ತವೆ, ಸಂತೆಯ ಗದ್ದಲದಲ್ಲಿ ನಿಂತರೂ ಕುದಿಯುತ್ತವೆ. ಕುದಿಯುವ ಕಾರುಗಳೆಲ್ಲ ಇವರ ಶೆಡ್ಡಿಗೇ ಬರುತ್ತವೆ. ಶೆಡ್ಡಿಗೆ ಹೆಸರಿಲ್ಲ, ಹಲಗೆಯಿಲ್ಲ. ರೈಲಿಳಿದು ಟ್ಯಾಕ್ಸಿ ಹತ್ತುವ ನೂರಾರು ಜನರಿಗೆ ಇವರ ಮುಖ ಗೊತ್ತಿಲ್ಲ.

ಕೋದಂಡಪ್ಪನವರು ಹುಟ್ಟಿದ್ದು ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ. ತಂದೆ ಕಲ್ಲು ಹೊರುವ ಕೂಲಿ. ಹರೆಯಕ್ಕೆ ಬಂದಾಗ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಿಗೆ ಕೈಯಾಳಾಗಿ ಸೇರಿ, ಬೆಸುಗೆ ಹಾಕುವುದನ್ನೂ ಲಾರಿ ಓಡಿಸುವುದನ್ನೂ ಕಲಿತರು. ಹೆಚ್ಚಿನ ಸಂಬಳಕ್ಕೆಂದು ಒಂಬತ್ತು ತಿಂಗಳು ಗಣಿಯೊಳಕ್ಕೂ ಇಳಿದರು. ಅಲ್ಲಿನ ಕಾವು ಅವರ ಮೈಗೆ ಒಗ್ಗಲಿಲ್ಲ. ಮೂರು ಸಲ ತಲೆಸುತ್ತಿ ಬಿದ್ದ ಮೇಲೆ ಬಿಟ್ಟು ಬಂದು ಈ ಶೆಡ್ಡು ಹಾಕಿದರು. ಒಳಗೆ ಗಾಳಿ ಬರುವುದು ಒಂದಿಷ್ಟು ನಿಂತರೂ ಜೀವ ಹೇಗೆ ಬೇಯುತ್ತದೆಂದು ತಾನು ಕಂಡಿದ್ದರಿಂದಲೇ ಇಂಜಿನ್ನಿನ ಕಷ್ಟ ತನಗೆ ಬೇಗ ಅರ್ಥವಾಯಿತು ಎನ್ನುತ್ತಾರೆ.

ದಿನಕ್ಕೆ ಎರಡು ಕಾರು, ಕೆಲವು ದಿನ ಮೂರು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲವಾಗಿದೆಯೇ ಎಂದು ನೋಡುವುದು, ಫ್ಯಾನನ್ನು ಹಿಡಿದು ಅಲ್ಲಾಡಿಸಿ ನೀರಿನ ಪಂಪು ಸವೆದಿದೆಯೇ ಎಂದು ತಿಳಿಯುವುದು, ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿಕೊಂಡ ಮಿಡತೆ, ಹುಲ್ಲು, ಧೂಳನ್ನು ಹಿಂದಿನಿಂದ ನೀರು ಹೊಡೆದು ತೊಳೆಯುವುದು, ಸೋರುವ ಕಡೆ ಬೆಸುಗೆ ಹಾಕುವುದು. ಇಷ್ಟಕ್ಕೂ ನೀರು ಬೇಕು. ಹತ್ತಿರದ ಬಾವಿಯದು ಸವಳು ನೀರು. ಅದನ್ನು ಹಾಕಿದರೆ ಒಳಗೆ ಸುಣ್ಣದಂತೆ ಪದರ ಕಟ್ಟುತ್ತದೆ. ಸೀನೀರಿನ ಬಾವಿ ಎರಡು ಫರ್ಲಾಂಗು ದೂರ. ಅಲ್ಲಿಂದ ದಿನಕ್ಕೆ ಇಪ್ಪತ್ತೈದು, ಮೂವತ್ತು ಕೊಡ ತರುವವರು ಅವರ ಹೆಂಡತಿ ಅಮ್ಮಾಜಮ್ಮ. ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋದ ಮೇಲೆ ಹೊರುವ ತಲೆ ಇದೊಂದೇ.

“ಮನೇಲಿ ಒಂದು ಎಮ್ಮೆ ಕಟ್ಟಿದ್ರೂ ಇಷ್ಟು ನೀರು ಕುಡೀತಿರ್ಲಿಲ್ಲ,” ಎನ್ನುತ್ತಾ ಅಮ್ಮಾಜಮ್ಮ ಕೊಡ ಇಳಿಸುತ್ತಾರೆ. “ಎಮ್ಮೆ ಆಲಾದ್ರೂ ಕೊಡ್ತಿತ್ತು.”

ರಿಪೇರಿ ಮಾಡುವವರು ಕೋಲಾರ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೋದಂಡಪ್ಪನವರಲ್ಲಿ ಬೇರೆಯಾದ ಪದ್ಧತಿಯೊಂದಿದೆ. ರಿಪೇರಿ ಮುಗಿದ ಮೇಲೆ ಅವರು ಕಾರನ್ನು ಮಾಲೀಕನ ಕೈಗೆ ಕೊಡುವುದಿಲ್ಲ. ಹಿಂದಿನ ಸೀಟಿಗೆ ಐದು ಮೂಟೆ ಮರಳು ಹೇರಿ, ರಾಬರ್ಟ್‌ಸನ್‌ಪೇಟೆ ರಸ್ತೆಯಲ್ಲಿ ಮೂರು ಮೈಲಿ ತಾವೇ ಓಡಿಸುತ್ತಾರೆ. ಗಣಿಯ ಕಲ್ಲುಪುಡಿ ಸುರಿದು ಎದ್ದ ಸೈನೈಡ್ ದಿಬ್ಬಗಳು ಕಣ್ಣಿಗೆ ಬೀಳುವ ಏರನ್ನು ಎರಡು ಸಲ ಹತ್ತಿ ಇಳಿದು, ವಾಪಸು ಬಂದು, ಮತ್ತೆ ಬಾನೆಟ್ ತೆಗೆದು ನೋಡುತ್ತಾರೆ. ರೈಲಿಗೆ ಹೊತ್ತಾಯಿತೆಂದು ಡ್ರೈವರುಗಳು ಗೊಣಗುತ್ತಾರೆ. ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂಟೆ ಎತ್ತಿ ಎತ್ತಿ ಸೊಂಟ ಹೋಗಿದೆ. ಏಳು ವರ್ಷಗಳಿಂದ ಇದೇ ನಡೆಯುತ್ತಿದೆ.

ಏಕೆಂದು ಕೇಳಿದೆ. ಕೈ ಒರೆಸಿಕೊಂಡು ಕಲ್ಲಿನ ಮೇಲೆ ಕೂತು ಹೇಳಿದ ಸಂಗತಿ ಇದು.

ಏಳು ವರ್ಷದ ಹಿಂದೆ, ಐವತ್ತೇಳರ ಏಪ್ರಿಲ್ ತಿಂಗಳು. ಅಶ್ವತ್ಥಪ್ಪ ಎಂಬವರ ಟ್ಯಾಕ್ಸಿ ವಾರದಲ್ಲಿ ಮೂರು ಸಲ ಕುದಿದಿತ್ತು. ಕಾರಿನ ಮಾಲೀಕರೂ ಡ್ರೈವರೂ ಅವರೇ. ಕೋದಂಡಪ್ಪ ನೋಡಿದರು. ಫ್ಯಾನ್ ಬೆಲ್ಟು ಸವೆದು ಕನ್ನಡಿಯಂತೆ ನುಣುಪಾಗಿತ್ತು, ಜಾರುತ್ತಿತ್ತು. ಬೇರೆ ಬೆಲ್ಟು ಹಾಕಿದರು. ರೇಡಿಯೇಟರ್ ತೊಳೆದರು. ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿದರು, ಗಟ್ಟಿಯಾಗಿದ್ದವು. ಶೆಡ್ಡಿನ ಮುಂದೆ ಅರ್ಧ ಗಂಟೆ ಇಂಜಿನ್ ಓಡಿಸಿದರು. ನೀರು ಕುದಿಯಲಿಲ್ಲ. ಅಂದು ಇನ್ನೂ ಎರಡು ಕಾರುಗಳು ಕಾಯುತ್ತಿದ್ದವು. ರಸ್ತೆಯಲ್ಲಿ ಓಡಿಸಿ ನೋಡಲು ಬೇಸರವಾಯಿತು. ಸರಿಯಾಯಿತು, ಹೋಗಣ್ಣ ಎಂದು ಕಳಿಸಿಬಿಟ್ಟರು.

ಮರುದಿನ ಮಧ್ಯಾಹ್ನ ಆರು ಮಂದಿಯನ್ನು ಕೂರಿಸಿಕೊಂಡು ಹೋಗುತ್ತಿದ್ದ ಅಶ್ವತ್ಥಪ್ಪನವರ ಕಾರು ಅದೇ ಏರಿನಲ್ಲಿ ಹೊಗೆಯೆಬ್ಬಿಸಿ ನಿಂತಿತು. ಒಳಗಿದ್ದವರಿಗೆ ಅವಸರ. ಒಬ್ಬರಿಗೆ ಡ್ಯೂಟಿ, ಒಬ್ಬರಿಗೆ ಮದುವೆ ಊಟ. ಬಿಸಿಲಿನಲ್ಲಿ ನಿಂತು ಎಲ್ಲರೂ ಒಂದೊಂದು ಮಾತಾಡುತ್ತಿದ್ದರು. ಅಶ್ವತ್ಥಪ್ಪ ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಒಳಗಿನ ಕುದಿನೀರು ಹಬೆಯೊಂದಿಗೆ ಮುಖಕ್ಕೆ ಚಿಮ್ಮಿತು. ಹಾದುಹೋಗುತ್ತಿದ್ದ ಲಾರಿಯವರು ಅವರನ್ನು ಆಸ್ಪತ್ರೆಗೆ ಒಯ್ದರು. ಬಲಗಣ್ಣು ಉಳಿಯಲಿಲ್ಲ.

ಸುದ್ದಿ ತಂದದ್ದು ಇನ್ನೊಬ್ಬ ಟ್ಯಾಕ್ಸಿ ಡ್ರೈವರು ಆರುಮುಗಂ. ಕೋದಂಡಪ್ಪ ಹಾಕಿಕೊಂಡ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದರು. ಬಾಗಿಲಲ್ಲಿ ಅಶ್ವತ್ಥಪ್ಪನವರ ಹೆಂಡತಿ ವರಲಕ್ಷ್ಮಮ್ಮ ಕೂತಿದ್ದರು. ಅಳುತ್ತಿರಲಿಲ್ಲ.

“ಸರಿಯಾಯ್ತು ಅಂದಿದ್ಯಲ್ಲಣ್ಣ,” ಎಂದರು.

ಅದಕ್ಕೆ ಊರವರ ಬಳಿ ಉತ್ತರವಿತ್ತು. ಕುದಿಯುವ ರೇಡಿಯೇಟರಿನ ಮುಚ್ಚಳ ಬಿಚ್ಚುವವರುಂಟೇ, ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಇಷ್ಟು ತಿಳಿಯದೇ ಎಂದು ಟ್ಯಾಕ್ಸಿ ನಿಲ್ದಾಣದಲ್ಲಿ ಎಲ್ಲರೂ ಮಾತಾಡಿದರು. ಕೋದಂಡಪ್ಪನೂ ಹಾಗೆಂದು ಸುಮ್ಮನಾಗಬಹುದಿತ್ತು. ಆದರೆ ಅವರು ನಿಲ್ದಾಣಕ್ಕೆ ಹೋಗಿ, ಕಾರನ್ನು ಓಡಿಸಿ ನೋಡದೆ ಕೊಟ್ಟವನು ತಾನು, ತಪ್ಪು ತನ್ನದು ಎಂದು ಎಲ್ಲರ ಎದುರು ಹೇಳಿ ಬಂದರು. ಅದಾದ ಮೇಲೆ ಎರಡು ತಿಂಗಳು ಅವರ ಶೆಡ್ಡಿಗೆ ಕಾರುಗಳು ಬರುವುದು ನಿಂತುಹೋಯಿತು.

ಏರಿನಲ್ಲಿ ನಿಂತಿದ್ದ ಕಾರನ್ನು ಎತ್ತು ಕಟ್ಟಿ ಎಳೆಸಿ ತಂದರು. ತಪ್ಪು ಎಲ್ಲಿದೆಯೆಂದು ಹುಡುಕಲು ಶುರುಮಾಡಿದರು. ರೇಡಿಯೇಟರನ್ನು ಪೂರ್ತಿ ಕಳಚಿ ಸೋಡಾಪುಡಿಯ ಬಿಸಿನೀರಿನಲ್ಲಿ ತೊಳೆದರು. ನೀರು ಧಾರಾಳವಾಗಿ ಹರಿಯುತ್ತಿತ್ತು. ಕಾದಾಗ ತಾನಾಗಿ ತೆರೆದುಕೊಂಡು ನೀರು ಬಿಡುವ ಪುಟ್ಟ ಕವಾಟವನ್ನು ತೆಗೆದು, ಅಮ್ಮಾಜಮ್ಮನ ಅನ್ನದ ಪಾತ್ರೆಯಲ್ಲಿ ಹಾಕಿ ಕುದಿಸಿ ನೋಡಿದರು. ಸರಿಯಾಗಿಯೇ ತೆರೆಯಿತು. ಪಂಪು ಬಿಚ್ಚಿದರು, ಚೆನ್ನಾಗಿತ್ತು. ಫ್ಯಾನು ಗಾಳಿಯನ್ನು ಚೆನ್ನಾಗಿಯೇ ಎಳೆಯುತ್ತಿತ್ತು. ಕಿಡಿ ಹತ್ತುವ ಹೊತ್ತು ಹಿಂದುಮುಂದಾದರೂ ಇಂಜಿನ್ ಕಾಯುತ್ತದೆಂದು ಅದನ್ನೂ ಸರಿಮಾಡಿದರು. ಎಲ್ಲ ಜೋಡಿಸಿ ಏರಿಗೆ ಒಯ್ದರೆ ಮತ್ತೆ ಕುದಿಯುವುದು. ಶೆಡ್ಡಿನ ಮುಂದೆ ನಿಲ್ಲಿಸಿದರೆ ತಣ್ಣಗಿರುವುದು. ಹತ್ತು ದಿನ ಹೀಗೇ ಕಳೆಯಿತು. ಊಟ ಸೇರುತ್ತಿರಲಿಲ್ಲ.

ಹನ್ನೊಂದನೆಯ ದಿನ ಹೊಳೆದದ್ದು ಒಂದೇ. ಕಾರು ವೇಗವಾಗಿ ಓಡುವಾಗ ಬಾನೆಟ್ಟಿನ ಒಳಗೆ ಏನಾಗುತ್ತದೆಂದು ತಾನು ನೋಡಿಯೇ ಇಲ್ಲ. ಓಡಿಸುವವನು ನೋಡಲಾರ, ನೋಡುವವನು ಓಡಿಸಲಾರ. ಸಹಾಯಕ್ಕೆ ಯಾರೂ ಬರುತ್ತಿರಲಿಲ್ಲ. ನೀರು ತಂದು ಇಳಿಸುತ್ತಿದ್ದ ಹೆಂಡತಿಯನ್ನು ಕರೆದು, ನಿಂತ ಕಾರಿನಲ್ಲೇ ಇಂಜಿನ್ ಜೋರಾಗಿ ಓಡಿಸಲು ಸ್ಟೇರಿಂಗಿನ ಮುಂದೆ ಕೂರಿಸಿದರು.

“ನಾನು ಅಲ್ಲೀಗಂಟ ಕಾರಿನೊಳಗೆ ಕಾಲಿಟ್ಟೋಳಲ್ಲ,” ಎಂದು ಅಮ್ಮಾಜಮ್ಮ ನೆನೆಯುತ್ತಾರೆ. “ಬಲಗಾಲ್ನಾಗೆ ಒತ್ತು ಅಂದ್ರು. ಒತ್ತಿದೆ. ಅದು ಉಲಿ ತರ ಅರಚ್ತು. ಬಿಟ್‌ಬಿಟ್ಟೆ. ಬಿಡಬ್ಯಾಡ, ಒತ್ತು, ಇನ್ನೂ ಒತ್ತು ಅಂದ್ರು. ಕಣ್ಮುಚ್ಕೊಂಡು ಒತ್ತಿದೆ.”

ಕೋದಂಡಪ್ಪ ಕಾರಿನ ಕೆಳಗೆ ಮಲಗಿ ನೋಡುತ್ತಿದ್ದರು. ಇಂಜಿನ್ನಿನ ವೇಗ ಏರಿದಂತೆ, ರೇಡಿಯೇಟರಿನ ತಳದಿಂದ ನೀರನ್ನು ಪಂಪಿಗೆ ಒಯ್ಯುವ ರಬ್ಬರ್ ಪೈಪು, ಮುದುಕರ ಕೆನ್ನೆ ಒಳಗೆ ಹೋದಂತೆ, ಚಪ್ಪಟೆಯಾಗಿ ಅಂಟಿಕೊಂಡಿತು. ವೇಗ ಇಳಿದ ಕೂಡಲೇ ಮತ್ತೆ ದುಂಡಗಾಯಿತು. ಪಂಪು ಜೋರಾಗಿ ಎಳೆದಾಗ ಪೈಪು ಮುಚ್ಚಿಹೋಗುತ್ತಿತ್ತು, ನೀರು ನಿಲ್ಲುತ್ತಿತ್ತು. ಕೊಯ್ದು ನೋಡಿದರೆ, ಪೈಪು ಕುಸಿಯದಂತೆ ಒಳಗಿರಬೇಕಾದ ಸುರುಳಿ ತಂತಿ ತುಕ್ಕು ಹಿಡಿದು ಪುಡಿಯಾಗಿತ್ತು. ಹೊರಗಿನಿಂದ ಪೈಪು ಹೊಸದರಂತೆಯೇ ಇತ್ತು. ಗೇಣುದ್ದದ ಸಾಮಾನು.

“ನಗು ಬರ್ಲಿಲ್ಲ ಸಾಮಿ, ಅಳು ಬಂತು,” ಎನ್ನುತ್ತಾರೆ ಕೋದಂಡಪ್ಪ. “ಅವತ್ತೇ ಏರಿಗೆ ಓಗಿದ್ದಿದ್ರೆ ಕುದೀತಿತ್ತು, ನನ್ನ ಮುಂದೇನೇ ಕುದೀತಿತ್ತು. ಆವಣ್ಣನ ಕಣ್ಣು ಇರ್ತಿತ್ತು.”

ಹೊಸ ಪೈಪು ಹಾಕಿದ ಮೇಲೆ ಕಾರು ಕುದಿಯಲಿಲ್ಲ. ಅಶ್ವತ್ಥಪ್ಪ ಆಸ್ಪತ್ರೆಯಿಂದ ಬಂದು ಮನೆಯಲ್ಲಿ ಮಲಗಿದ್ದ ನಾಲ್ಕು ತಿಂಗಳು ಕೋದಂಡಪ್ಪನೇ ಆ ಟ್ಯಾಕ್ಸಿಯನ್ನು ಬೆಳಗಿನ ರೈಲುಗಳಿಗೆ ಓಡಿಸಿದರು. ಬಂದದ್ದನ್ನು ವರಲಕ್ಷ್ಮಮ್ಮನ ಕೈಗೆ ಕೊಟ್ಟು, ಮಧ್ಯಾಹ್ನದ ಮೇಲೆ ತಮ್ಮ ಶೆಡ್ಡು ತೆರೆಯುತ್ತಿದ್ದರು. ಗೋಡೆಯ ಆಚೆ ಮಲಗಿದ್ದ ಅಶ್ವತ್ಥಪ್ಪ ಒಂದು ದಿನವೂ ಅವರನ್ನು ಒಳಗೆ ಕರೆಯಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಕುಪ್ಪುಸ್ವಾಮಿ ಎಂಬ ಡ್ರೈವರನ್ನು ಇಟ್ಟುಕೊಂಡರು, ಕಾರನ್ನು ಬೇರೆ ಕಡೆ ರಿಪೇರಿಗೆ ಬಿಟ್ಟರು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು.

ಒಂದು ಬೆಳಿಗ್ಗೆ ಅಶ್ವತ್ಥಪ್ಪ ತಾವಾಗಿಯೇ ಶೆಡ್ಡಿಗೆ ಬಂದು ಬೆಂಚಿನ ಮೇಲೆ ಕೂತರು. ಅಂದು ಏನಾಗಿತ್ತು ತೋರಿಸು ಎಂದರು. ಕೋದಂಡಪ್ಪ ಒಳಗಿನಿಂದ ಆ ಹಳೆಯ ಪೈಪನ್ನು ತಂದುಕೊಟ್ಟರು. ಅದನ್ನು ಬಿಸಾಡಿರಲಿಲ್ಲ. ಅಶ್ವತ್ಥಪ್ಪ ಅದನ್ನು ಒಂದೇ ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

“ಅವತ್ತು ಇದನ್ನ ನೋಡಿದ್ಯಾ ಕೋದಂಡ?”

“ಮುಟ್ಟಿ ನೋಡಿದ್ದೆ ಅಣ್ಣ. ಓಡಿಸಿ ನೋಡ್ಲಿಲ್ಲ.”

ಅಶ್ವತ್ಥಪ್ಪ ಪೈಪನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಮುಚ್ಚಳ ಬಿಚ್ಚಿದೋನು ನಾನು ಕಣ್ಲಾ,” ಎಂದರು. “ಅವ್ರೆಲ್ಲ ಬೈತಿದ್ರು, ಬಿಚ್ಬಿಟ್ಟೆ. ಇದನ್ನ ಯಾರ್ತಾವೂ ಏಳಿರ್ಲಿಲ್ಲ.”

ಅಮ್ಮಾಜಮ್ಮ ಇಬ್ಬರಿಗೂ ಕಾಫಿ ತಂದಿಟ್ಟರು. ಅದರ ಮುಂದಿನ ವಾರ ಕುಪ್ಪುಸ್ವಾಮಿ ಆ ಕಾರನ್ನು ಇಲ್ಲಿಗೇ ತಂದ.

ಈಗ ಅಶ್ವತ್ಥಪ್ಪನವರು ದಿನಕ್ಕೊಮ್ಮೆಯಾದರೂ ಬಂದು ಹೋಗುತ್ತಾರೆ. ನಾನು ಹೋದ ದಿನವೂ ಇದ್ದರು. ಹೊಸದಾಗಿ ಟ್ಯಾಕ್ಸಿ ಹಿಡಿದ ಡ್ರೈವರುಗಳು ಬಂದರೆ ಅವರೇ ಕರೆದು ಪಾಠ ಹೇಳುತ್ತಾರೆ: ಕುದಿದರೆ ಇಂಜಿನ್ ನಿಲ್ಲಿಸಿ, ಒಂದು ಬೀಡಿ ಸೇದಿ, ಇನ್ನೊಂದು ಬೀಡಿ ಸೇದಿ, ಆಮೇಲೆ ಮುಚ್ಚಳ ಮುಟ್ಟಿ. ತಣ್ಣೀರನ್ನು ಒಮ್ಮೆಗೇ ಸುರಿಯಬೇಡಿ, ಕಬ್ಬಿಣ ಬಿರಿಯುತ್ತದೆ. ಜನ ಬೈದರೆ ಬೈಸಿಕೊಳ್ಳಿ. ಅಶ್ವತ್ಥಪ್ಪನವರ ಮುಖ ನೋಡಿದ ಮೇಲೆ ಯಾರೂ ಎದುರು ಮಾತಾಡುವುದಿಲ್ಲ.

ಬಿಸಿಲೇರಿದೆ. ಬೆಳಗಿನ ಕಪ್ಪು ಕಾರಿನ ರೇಡಿಯೇಟರ್ ತೊಳೆದು ಕೂರಿಸಿದ್ದಾಗಿದೆ. ಕೋದಂಡಪ್ಪ ಒಂದೊಂದಾಗಿ ಮರಳಿನ ಮೂಟೆಗಳನ್ನು ಎತ್ತುತ್ತಾರೆ, ನಡುವೆ ನಿಂತು ಸೊಂಟಕ್ಕೆ ಕೈಕೊಡುತ್ತಾರೆ. ಆರುಮುಗಂ ಬಂದು ಇಳಿಸಿಕೊಳ್ಳಲು ಹೋದರೆ ಬೇಡವೆನ್ನುತ್ತಾರೆ. ಇವರನ್ನು ಕಾರಿನಲ್ಲಿ ಕೂರಿಸಿಕೊಂಡು ಪ್ರಯೋಜನವಿಲ್ಲ ಎಂದು ಆರುಮುಗಂ ನನ್ನ ಬಳಿ ದೂರುತ್ತಾರೆ. ಹೋದ ವರ್ಷ ಗಂಡಹೆಂಡತಿ ಇಬ್ಬರನ್ನೂ ತಮ್ಮ ಟ್ಯಾಕ್ಸಿಯಲ್ಲಿ ಮುಳಬಾಗಿಲಿಗೆ ನೆಂಟರ ಮನೆಗೆ ಕರೆದೊಯ್ಯುತ್ತಿದ್ದಾಗ, ಕೋದಂಡಪ್ಪ ಅರ್ಧ ಮೈಲಿಗೇ ಕಾರು ನಿಲ್ಲಿಸಲು ಹೇಳಿ, ಬೆಲ್ಟು ಕೂಗುತ್ತಿದೆ ಎಂದು ಬಾನೆಟ್ ತೆಗೆಸಿದರಂತೆ. ಮುಳಬಾಗಿಲು ಮುಟ್ಟುವ ಹೊತ್ತಿಗೆ ಊಟದ ಎಲೆ ಎತ್ತಿದ್ದರಂತೆ.

ಕೋದಂಡಪ್ಪ ಅಲ್ಲಗಳೆಯುವುದಿಲ್ಲ. ನಿಮಗೇನು ಆಸೆ ಎಂದು ಕೇಳುತ್ತೇನೆ. ಶೆಡ್ಡಿಗೆ ಮಂಗಳೂರು ಹೆಂಚೋ, ಒಂದು ಬೋರ್ಡೋ ಎಂದು ಹೇಳಿಯಾರು ಅಂದುಕೊಂಡಿದ್ದೆ. ಅವರು ಕೊನೆಯ ಮೂಟೆ ಹೇರಿ, ಒಳಗೆ ಕೂತು ಸ್ಟೇರಿಂಗಿನ ಮೇಲೆ ಎರಡೂ ಕೈ ಇಡುತ್ತಾರೆ.

“ಒಂದೇ ಒಂದು ದಿನ ಇಂದ್ಗಡೆ ಸೀಟ್ನಾಗೆ ಕೂತು ನಿದ್ದೆ ಮಾಡ್ಕೊಂಡು ಓಗ್ಬೇಕು ಸಾಮಿ. ಎಲ್ಲಿಗಾದ್ರೂ ಸರಿ. ಇಂಜಿನ್ ಸದ್ದು ಕೇಳಿಸ್ಬಾರ್ದು. ಕೇಳಿಸಿದ್ರೂ, ಅದು ಇನ್ಯಾರ್ದೋ ಕೆಲಸ ಅನ್ನಿಸ್ಬೇಕು.”