ಬಾಳೆಲೆಯ ಮೇಲೆ ಮಲಗಿದ್ದವಳನ್ನು ಕಾಮಾಕ್ಷಮ್ಮ ಎಬ್ಬಿಸಿದಳು

ನನ್ನ ಕಾಯಿಲೆ ಒಂದು ಮೆಣಸಿನಕಾಯಿ ಬಜ್ಜಿಯಿಂದ ಶುರುವಾಯಿತೆಂದು ನಾನು ಬಹಳ ದಿನ ನಂಬಿದ್ದೆ. ಅದು ೧೯೭೫ರ ಶ್ರಾವಣ. ಬಜ್ಜಿ ತಿಂದ ಮಾರನೆಯ ದಿನ ಬಾಯೊಳಗೆ ಹುಣ್ಣಾಯಿತು. ತಿಂಗಳಾದರೂ ಮಾಯಲಿಲ್ಲ. ಮಜ್ಜಿಗೆ ಅನ್ನ ನುಂಗಿದರೂ ಕೆಂಡ ನುಂಗಿದ ಹಾಗಾಗುತ್ತಿತ್ತು. ದಸರೆಯ ಹೊತ್ತಿಗೆ ಎದೆ, ಬೆನ್ನು, ತೋಳಿನ ಮೇಲೆಲ್ಲ ನೀರುಗುಳ್ಳೆಗಳೆದ್ದವು. ಒಂದೊಂದು ಗುಳ್ಳೆ ಒಡೆದರೂ ಅಂಗೈಯಗಲ ಚರ್ಮ ಸುಲಿದು ಬರುತ್ತಿತ್ತು.

ಕಾಮಾಕ್ಷಿ ತಾಯಿಯನ್ನು ನಂಬಿದ ನಿಮ್ಮೆಲ್ಲರಿಗೂ ನಾನು ಯಾರೆಂದು ಹೇಳಬೇಕಲ್ಲವೆ? ನನ್ನ ಹೆಸರು ಸರೋಜಮ್ಮ. ಹಲಸೂರಿನಲ್ಲಿ ಸೋಮೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಯಜಮಾನರು ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಬಾಗಿಲ ಬಳಿ ಮಿಷನ್, ಮಿಷನ್ನಿನ ಸುತ್ತ ಹೆಂಗಸರು, ಹೆಂಗಸರ ಸುತ್ತ ಊರಿನ ಸುದ್ದಿ. ಹಾಗಿದ್ದ ಮನೆಗೆ ಒಬ್ಬರೂ ಬಾರದಂತಾಯಿತು. ಅಂಟುರೋಗವೆಂದು ಯಾರೋ ಹಬ್ಬಿಸಿದ್ದರು. ಎದುರು ಮನೆಯವರು ಕೊಟ್ಟಿದ್ದ ಬಟ್ಟೆಯನ್ನು ಹೊಲಿಯುವ ಮೊದಲೇ ವಾಪಸು ತೆಗೆದುಕೊಂಡು ಹೋದರು.

ನಮ್ಮ ಅತ್ತೆ ಇದು ಸರ್ಪದೋಷವೆಂದು ತೀರ್ಮಾನಿಸಿ ನಾಗರಕಲ್ಲಿಗೆ ಹಾಲೆರೆದರು, ನನಗೆ ಕೆಮ್ಮಣ್ಣು ಹಚ್ಚಿದರು. ಅದೂ ಸಾಲದೆ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ತಲೆಗೂದಲನ್ನು ತಿರುಪತಿಗೆ ಹರಕೆ ಹೊತ್ತರು.

"ಅತ್ತೆ, ಹೊರೋದಾದ್ರೆ ನಿಮ್ಮ ಕೂದಲನ್ನ ಹೊರಬಾರದಾಗಿತ್ತಾ?" ಎಂದೆ.

"ನಂದೇನಿದೆ ಹೇಳು, ನಾಲ್ಕೆಳೆ! ದೇವರಿಗೆ ನಾಚಿಕೆ ಆಗಲ್ವಾ?" ಎಂದರು.

ಇಷ್ಟಾದರೂ ಕೆಮ್ಮಣ್ಣಿನ ಕೆಳಗೆ ಹೊಸ ಗುಳ್ಳೆಗಳು ಏಳುತ್ತಲೇ ಇದ್ದವು.

ಒಂದು ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಅಪರಿಚಿತ ಹೆಣ್ಣುಮಗಳು ನಿಂತಿದ್ದಳು. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯ ನರ್ಸು, ಹೆಸರು ಸೆಲ್ವಿ. ಅವಳು ಯಾವಾಗಲೂ ಹೋಗುವ ದರ್ಜಿ ಅಂಗಡಿ ಅವತ್ತು ಮುಚ್ಚಿತ್ತಂತೆ. ಬಿಳಿ ಸಮವಸ್ತ್ರದ ಹೊಲಿಗೆ ಬಿಟ್ಟಿದೆ, ಯಾರಾದರೂ ಹೊಲಿದುಕೊಡುತ್ತಾರಾ ಎಂದು ಗುಡಿಯ ಮುಂದೆ ಹೂ ಮಾರುವವಳನ್ನು ಕೇಳಿದಾಗ ಅವಳು ನಮ್ಮ ಮನೆ ತೋರಿಸಿದ್ದಳು.

ನಾನು ಒಳಗಿನಿಂದಲೇ, "ಬೇಡಮ್ಮ, ಹತ್ತಿರ ಬರಬೇಡಿ" ಎಂದೆ. ಅವಳು ನೇರವಾಗಿ ಒಳಗೆ ಬಂದು ನನ್ನ ಕೈ ಹಿಡಿದು ನೋಡಿದಳು.

"ಅಯ್ಯೋ, ಏನಮ್ಮಾ ಇದು? ಬಾಯಲ್ಲೂ ಇದ್ಯಾ?"

"ಮೊದಲು ಬಾಯಲ್ಲೇ ಬಂದಿದ್ದು."

"ಏಳಿ, ಹೊರಡಿ. ಹೊಸ ಡಾಕ್ಟರ್ ಒಬ್ರು ಬಂದವ್ರೆ. ಇದೇ ಓದ್ಕೊಂಡು ಬಂದವ್ರೆ."

ಸಮವಸ್ತ್ರದ ಮಾತನ್ನೇ ಮರೆತು ನನ್ನನ್ನೂ ಅತ್ತೆಯನ್ನೂ ಬಸ್ಸಿಗೆ ಹತ್ತಿಸಿದಳು. ಸೀಟಿಗೆ ಬೆನ್ನು ತಾಗಿದರೆ ರವಿಕೆ ಅಂಟಿಕೊಳ್ಳುತ್ತದೆಂದು ನಾನು ಕಂಬಿ ಹಿಡಿದು ನಿಂತೇ ಹೋದೆ. ಸೆಲ್ವಿ ಎರಡು ಕೈ ಚಾಚಿ, ಯಾರೂ ನನಗೆ ತಗಲದಂತೆ ದಾರಿಯುದ್ದಕ್ಕೂ ಕಾವಲು ನಿಂತಳು.

ಡಾಕ್ಟರು ಎಳೆಯ ವಯಸ್ಸಿನವರು. ಗುಳ್ಳೆಯಿಲ್ಲದ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ ಸರಿಸಿದರು. ಮೇಲಿನ ಚರ್ಮ ಜಾರಿತು. "ಪೆಂಫಿಗಸ್ ಇರಬೇಕು" ಎಂದು, ಚರ್ಮದ ಒಂದು ಚೂರನ್ನೂ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿ, ನನಗೆ ತಿಳಿಯುವ ಹಾಗೆ ಹೇಳಿದರು.

"ನೋಡಿಮ್ಮ, ರೋಗಾಣು ಬಂದ್ರೆ ಎದುರಿಸೋಕೆ ರಕ್ತದಲ್ಲಿ ಆಂಟಿಬಾಡಿ ಅಂತ ಇರುತ್ತೆ. ನಿಮ್ಮ ದೇಹದಲ್ಲಿ ಕೆಲವು ಆಂಟಿಬಾಡಿಗಳು ದಾರಿ ತಪ್ಪಿ ನಿಮ್ಮ ಚರ್ಮಕ್ಕೇ ಅಂಟ್ಕೊಂಡಿವೆ. ಚರ್ಮದ ಕಣಗಳನ್ನ ಒಂದಕ್ಕೊಂದು ಸೇರಿಸಿರೋ ಹೊಲಿಗೆನ ಬಿಚ್ತಾ ಇವೆ. ಹೊಲಿಗೆ ಬಿಟ್ಟ ಕಡೆ ನೀರು ತುಂಬಿ ಗುಳ್ಳೆ ಏಳುತ್ತೆ. ಇದು ಯಾರಿಗೂ ಅಂಟಲ್ಲ, ಯಾರ ಶಾಪವೂ ಅಲ್ಲ."

ಹೊಲಿಗೆ ಎಂದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಪಕ್ಕದಲ್ಲಿದ್ದ ಅತ್ತೆ ಮಾತ್ರ, "ಹಂಗಾದ್ರೆ ಮತ್ತೆ ಹೊಲಿದುಬಿಡಿ ಡಾಕ್ಟ್ರೇ" ಎಂದರು.

ವಾರ್ಡಿಗೆ ಸೇರಿಸಿಕೊಂಡು ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಹತ್ತಿಯ ಬಟ್ಟೆಯೂ ಹುಣ್ಣಿಗೆ ಅಂಟುತ್ತಿದ್ದುದರಿಂದ ನನ್ನನ್ನು ಎಳೆ ಬಾಳೆಲೆಯ ಮೇಲೆ ಮಲಗಿಸುತ್ತಿದ್ದರು. ಯಜಮಾನರು ದಿನಾ ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ಟಿನಿಂದ ಎಲೆ ತಂದುಕೊಟ್ಟು ಕಾರ್ಖಾನೆಯ ಬಸ್ಸು ಹಿಡಿಯುವರು. ಎಲೆ ಮಾರುವ ಸಾಬರು ಒಂದು ದಿನ, "ಏನ್ ಸಾಬ್, ನಿಮ್ ಮನೇಲಿ ದಿನಾ ಶಾದಿನಾ?" ಎಂದು ಕೇಳಿದರಂತೆ. ವಿಷಯ ತಿಳಿದ ಮೇಲೆ, ಎಲೆಯ ನಡುವಿನ ಗಟ್ಟಿ ದಂಟನ್ನು ತಾವೇ ಸವರಿ, ಮೆತ್ತಗಿನವನ್ನು ಬೇರೆ ಎತ್ತಿಡುತ್ತಿದ್ದರು. ಅವರ ಮುಖ ನಾನು ಆಗ ಕಂಡಿರಲಿಲ್ಲ. ಆದರೆ ಅವರ ಎಲೆಗಳ ತಂಪು ನನ್ನ ಬೆನ್ನಿಗೆ ಗೊತ್ತಿತ್ತು.

ಬೇರೆ ಊರಿನ ಪ್ರಯೋಗಾಲಯದಿಂದ ರಕ್ತಪರೀಕ್ಷೆಯ ವರದಿ ಬಂತು. ವಿಶೇಷ ಬೆಳಕಿನಲ್ಲಿಟ್ಟು ನೋಡಿದಾಗ ನನ್ನ ಆಂಟಿಬಾಡಿಗಳು ಚರ್ಮದ ಕಣಗಳ ಸುತ್ತ ಮೀನಿನ ಬಲೆಯ ಹಾಗೆ ಹಸಿರಾಗಿ ಹೊಳೆದವಂತೆ. ಡಾಕ್ಟರಿಗೆ ಸಂದೇಹ ಬಗೆಹರಿಯಿತು. ನನ್ನ ಗುಳ್ಳೆಗಳು ಮಾತ್ರ ಬಗ್ಗಲಿಲ್ಲ. ಸೆಲ್ವಿ ದಿನಾ ಬೆಳಿಗ್ಗೆ ಹೊಸ ಗುಳ್ಳೆಗಳನ್ನು ಎಣಿಸಿ ಬರೆಯುವಳು. ನಾಲ್ಕನೆಯ ವಾರ ಜ್ವರ ಏರಿತು. ಡಾಕ್ಟರು ಮಾತ್ರೆ ಹೆಚ್ಚಿಸಿ, ಯಜಮಾನರನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ವಾಪಸು ಬಂದ ಯಜಮಾನರು ನನ್ನ ಮುಖ ನೋಡದೆ ಎಲೆ ಸರಿಮಾಡತೊಡಗಿದರು. ನನಗೆ ತಿಳಿದುಹೋಯಿತು.

ಅವತ್ತು ಶುಕ್ರವಾರ. ಸಂಜೆ ಅತ್ತೆ ಸೋಮೇಶ್ವರನ ಗುಡಿಯಲ್ಲಿರುವ ಕಾಮಾಕ್ಷಮ್ಮನ ಕುಂಕುಮ ತಂದರು. ನನ್ನ ಹಣೆಯೂ ಹಸಿಗಾಯ, ಇಡಲು ಜಾಗವಿಲ್ಲ. ಮಂಚದ ಕಂಬಿಗೆ ಇಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಆ ಕೆಂಪು ಚುಕ್ಕೆಯನ್ನೇ ನೋಡುತ್ತ ಕೇಳಿಕೊಂಡೆ: "ಅಮ್ಮಾ, ನೂರು ವರ್ಷ ಕೇಳಲ್ಲ. ನಾಳೆ ಒಂದು ದಿನ ಹೊಸ ಗುಳ್ಳೆ ಏಳದ ಹಾಗೆ ಮಾಡು. ನೀನು ಇದೀಯ ಅಂತ ತಿಳ್ಕೊಂಡು ಧೈರ್ಯವಾಗಿರ್ತೀನಿ."

ಬೆಳಿಗ್ಗೆ ಸೆಲ್ವಿ ಎಣಿಸಲು ಬಂದಳು. ತೋಳು ನೋಡಿದಳು, ಎದೆ ನೋಡಿದಳು, ಮಗ್ಗುಲಿಗೆ ತಿರುಗಿಸಿ ಬೆನ್ನು ನೋಡಿದಳು. ಇನ್ನೊಮ್ಮೆ ನೋಡಿದಳು. ಕೈಯಲ್ಲಿದ್ದ ಪಟ್ಟಿಯನ್ನು ಮಂಚದ ಮೇಲೆ ಹಾಕಿ, "ಡಾಕ್ಟರ್! ಹೊಸದು ಒಂದೂ ಇಲ್ಲ!" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿಕೊಂಡು ಓಡಿದಳು.

"ಮಾತ್ರೆ ಹಿಡಿದಿದೆ" ಎಂದರು ಡಾಕ್ಟರು. ನಾನು ಕೈ ಮುಗಿದೆ. ಅವರು ಹೇಳಿದ್ದು ನಿಜ. ಮುಚ್ಚಿದ ಒಂದು ಅಂಗಡಿಯಿಂದ ಸೆಲ್ವಿಯನ್ನು ನನ್ನ ಬಾಗಿಲಿಗೆ ನಡೆಸಿ, ಆ ಮಾತ್ರೆಯ ಹತ್ತಿರ ನನ್ನನ್ನು ಮುಟ್ಟಿಸಿದವಳು ಯಾರೆಂಬುದೂ ನನಗೆ ಅಷ್ಟೇ ನಿಜ.

ಆಮೇಲೆ ಹಸಿವು ಶುರುವಾಯಿತು ನೋಡಿ! ಒಂದು ಬೆಳಿಗ್ಗೆ ಹನ್ನೊಂದು ಇಡ್ಲಿ ತಿಂದೆ. ಮುಖ ಹುಣ್ಣಿಮೆಯ ಚಂದ್ರನಾಯಿತು. ಮನೆಗೆ ಬಂದಾಗ ನನ್ನ ರವಿಕೆಗಳು ಒಂದೂ ನನಗೆ ಹಿಡಿಸಲಿಲ್ಲ. ಡಾಕ್ಟರು ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಾಗ ಯಜಮಾನರು, "ಈಗ ಮುಂದೆ ಯಾವುದು, ಹಿಂದೆ ಯಾವುದು ಗೊತ್ತಾಗ್ತಿಲ್ಲ ಕಣೇ" ಎಂದು ಬಿದ್ದುಬಿದ್ದು ನಕ್ಕರು.

ಎರಡು ವರ್ಷದ ನಂತರ ಡಾಕ್ಟರು ಹೇಳಿಕಳಿಸಿದರು. ಮಹದೇವಪುರ ಹಳ್ಳಿಯ ಮುನಿಯಮ್ಮ ಎಂಬ ಹುಡುಗಿಗೆ ಇದೇ ಕಾಯಿಲೆ. ಮನೆಯವರು ಅಂಟುತ್ತದೆಂದು ಅವಳನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರಂತೆ. ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ತಾಯಿ ದೂರದ ಬಾಗಿಲಲ್ಲಿ ನಿಂತಿದ್ದಳು. ನಾನು ತೋಳು ತೋರಿಸಿ, "ನೋಡು ಮಗಳೇ, ನನ್ನ ಚರ್ಮ ನಿನ್ನದಕ್ಕಿಂತ ಹಾಳಾಗಿತ್ತು" ಎಂದು ಪಕ್ಕದಲ್ಲಿ ಕೂತು, ಆರಿದ ರಾಗಿ ಗಂಜಿಯನ್ನು ಚಮಚೆಯಲ್ಲಿ ಕುಡಿಸಿದೆ. ನಡುನಡುವೆ ಅದೇ ಚಮಚೆಯಲ್ಲಿ ನಾನೂ ಒಂದೊಂದು ಗುಟುಕು ಕುಡಿದೆ.

ಬಾಗಿಲಲ್ಲಿದ್ದ ತಾಯಿ ಅದನ್ನು ನೋಡಿದಳು. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದು, ನನ್ನ ಕೈಯಿಂದ ಗಂಜಿಯ ಲೋಟ ತೆಗೆದುಕೊಂಡು, "ನಾನು ಕುಡಿಸ್ತೀನಿ ಕೊಡಿ" ಎಂದಳು. ಆ ಮಾತು ಕೇಳಿ ಮುನಿಯಮ್ಮ ಗೋಡೆಯಿಂದ ಈಚೆಗೆ ತಿರುಗಿದಳು. ಅಂಥ ಜಾಗದಲ್ಲಿ ನನ್ನನ್ನು ಕೂರಿಸಿದ ಕಾಮಾಕ್ಷಮ್ಮನನ್ನು ನಾನು ಇನ್ನೇನು ಕೇಳಲಿ?