ಹೊಸ್ತಿಲಾಚೆ ಬೂಟು ಬಿಚ್ಚಿಟ್ಟವರು

ಕೊಲೆಯಾದ ಮನೆಗೆ ಬೂಟು ಬಿಚ್ಚಿಟ್ಟು ಬಂದ ಪೊಲೀಸರೆಂದರೆ ನಾನು ಕಂಡಂತೆ ಇನ್‌ಸ್ಪೆಕ್ಟರ್ ಮಾಣಿಕಪ್ಪ ಒಬ್ಬರೇ. ತಾಂಡೂರಿನ ನಮ್ಮ ನಡುಮನೆಯಲ್ಲಿ ಅವ್ವನ ಹೆಣ ಬಿದ್ದಿತ್ತು. ಅವರೋ ಹೊಸ್ತಿಲಾಚೆ ಕೂತು ನಿಧಾನವಾಗಿ ಲೇಸು ಬಿಚ್ಚುತ್ತಿದ್ದರು.

"ಹೆಣ ಇದ್ರೂ ಮನಿ ಮನೀನೇ ಅಲ್ಲೇನ್ರಿ?"

ತೂತು ಬಿದ್ದ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಆ ನಿಧಾನ ಕಂಡು ನನಗೆ ಮೈಯೆಲ್ಲ ಉರಿಯಿತು.

ತಿಂಗಳ ಹಿಂದೆ ಜಹೀರಾಬಾದಿನಲ್ಲಿ ನಮ್ಮ ದೊಡ್ಡವ್ವನನ್ನೂ ಹೀಗೇ ಕತ್ತು ಹಿಸುಕಿ ಕೊಂದು ಬಂಗಾರ ಒಯ್ದಿದ್ದರು. ಒಂಟಿ ಮುದುಕಿಯರನ್ನು ನೋಡಿಕೊಂಡು ನುಗ್ಗುವ ಕಳ್ಳರ ಕೆಲಸವೆಂದು ಎಲ್ಲರೂ ನಂಬಿದ್ದರು. ಎರಡೂ ಊರಲ್ಲಿ ಚಾದರ ಮಾರುತ್ತಿದ್ದ ಪರವೂರಿನವನೊಬ್ಬನನ್ನು ಮಾಣಿಕಪ್ಪ ಬರುವ ಮೊದಲೇ ಪೇದೆಗಳು ಠಾಣೆಗೆ ಎಳೆದೊಯ್ದದ್ದೂ ಆಗಿತ್ತು.

ಮಾಣಿಕಪ್ಪ ಮಾತ್ರ ಅವ್ವನ ಎಡಗೈಯನ್ನೇ ನೋಡುತ್ತ ಕೂತರು. ಅಂಗೈಯಲ್ಲಿ ಅವಳ ಇಷ್ಟಲಿಂಗವಿತ್ತು. ಅದನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಇರಲಿಲ್ಲ.

"ಇದು ನೀವು ಇಟ್ಟೀರೇನು ತಂಗಿ?"

"ಇಲ್ರಿ ಸಾಹೇಬ್ರ. ಸಾಯಾಗ ತಾನೇ ಹಿಡ್ಕೊಂಡಿರಬೇಕು."

"ಉಸಿರು ಕಟ್ಟಿದಾಕಿಗಿ ಕರಡಿಗಿ ಬಿಚ್ಚಾಕ ಪುರಸೊತ್ತು ಎಲ್ಲಿತ್ರಿ? ಜಹೀರಾಬಾದನ್ಯಾಗೂ ಹಿಂಗೇ ಇತ್ತು. ಮಣ್ಣು ಮಾಡಾಗ ಲಿಂಗ ಕೈಯಾಗ ಇಡ್ತಾರಂತ ಗೊತ್ತಿದ್ದಾವ ಮಾಡ್ಯಾನ. ನಮ್ಮವನೇ ಅದಾನ." ಆಮೇಲೆ ಕೇಳಿದರು: "ಅಕ್ಕ-ತಂಗಿ ಇಬ್ಬರಿಗೂ ಕೂಡಿ ಆಸ್ತಿ ಏನದರಿ?"

ಕರಣಕೋಟದ ಹತ್ತಿರ, ಅಗೆದರೆ ಹಾಸುಗಲ್ಲು ಸಿಗುವ ಹೊಲವೊಂದು ಇಬ್ಬರ ಹೆಸರಿನಲ್ಲೂ ಇತ್ತು. ಮಾರಲು ಇಬ್ಬರೂ ಸಹಿ ಹಾಕಿರಲಿಲ್ಲ. ಸಹಿಗಾಗಿ ಅವರ ಬೆನ್ನು ಹತ್ತಿದ್ದವನು ನನ್ನ ತಮ್ಮ ಶಿವರಾಜ.

"ಏನಿಲ್ರಿ," ಎಂದುಬಿಟ್ಟೆ.

ಅವರು ಗದರಿಸಲಿಲ್ಲ. ನಾಲ್ಕು ದಿನ ಬಂದರು, ಬೂಟು ಬಿಚ್ಚಿದರು, ಸಕ್ಕರೆಯಿಲ್ಲದ ಚಹಾ ಕುಡಿದರು, ಅದನ್ನೇ ಕೇಳಿದರು, ಹೋದರು. ಐದನೆಯ ದಿನ ಚಹಾ ಮುಟ್ಟಲಿಲ್ಲ.

"ಚಾದರದಾವನ ಅಕ್ಕ ದಿನಾ ಫೋನ್ ಮಾಡ್ತಾಳರಿ. ನೀವೂ ಅಕ್ಕನೇ ಅದೀರಿ. ಆಕಿಗಿ ಏನ್ ಹೇಳ್ಲಿ, ನೀವೇ ಹೇಳ್ರಿ."

ಹೊಲದ್ದು, ತಮ್ಮನದ್ದು ಎಲ್ಲ ಹೇಳಿದೆ. ಶಿವರಾಜನ ಕಪಾಟಿನಲ್ಲಿ ಎರಡೂ ಕರಡಿಗೆ ಸಿಕ್ಕವು. ಚಾದರದವನು ಕುಂಟುತ್ತ ಠಾಣೆಯಿಂದ ಹೊರಬಂದ.

"ಅವ್ವನ ಕೈ ಖಾಲಿ ಬಿಡಾಕ ಮನಸ್ಸಾಗ್ಲಿಲ್ಲಕ್ಕ," ಎಂದು ತಮ್ಮ ನನ್ನೆದುರು ಅತ್ತ.

ನಿವೃತ್ತರಾಗಿ ನಾರಾಯಣಖೇಡಕ್ಕೆ ಹೊರಟಾಗ ಮಾಣಿಕಪ್ಪ ಇನ್ನೊಮ್ಮೆ ಬಂದರು. ಚಪ್ಪಲಿ ಬಿಟ್ಟರೂ ಒಳಗೆ ಬರಲಿಲ್ಲ.

"ನನ್ನ ಮ್ಯಾಲ ಸಿಟ್ಟದೇನ್ರಿ ತಂಗಿ?"

"ಅದರಿ."

"ಇರಲಿರಿ. ಈ ಸಲ ಒಮ್ಮೆಗೇ ಖರೇ ಹೇಳಿದ್ರಿ," ಎಂದು ನಕ್ಕು ನಡೆದರು.

ಈ ವರ್ಷ ಕಾಯಿಲೆಯಿಂದ ಅವರು ತೀರಿಕೊಂಡ ಸುದ್ದಿ ಬಂತು. ನಾರಾಯಣಖೇಡಕ್ಕೆ ಹೋದೆ. ಮಣ್ಣಿಗೆ ಒಯ್ಯುವ ಮುಂಚೆ ಅವರನ್ನು ಗೋಡೆಗೊರಗಿಸಿ ಕೂರಿಸಿದ್ದರು. ಎಡಗೈಯಲ್ಲಿ ಲಿಂಗವಿತ್ತು. ಬೇಡವೆಂದರೂ ಬಾಯಿ ಕೇಳಿಯೇಬಿಟ್ಟಿತು, ಯಾರಿಟ್ಟರೆಂದು.

"ನಾನೇ ಇಟ್ಟೀನ್ರಿ," ಎಂದಳು ಅವರ ಮಗಳು.

ಆಗ ನನಗೆ ಅಳು ಬಂತು. ನಮ್ಮವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.