ತೊಟ್ಟಿಲು ಮಾಡಿದವರ ಪರವಾಗಿ

ಕಲಘಟಗಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ವಕೀಲೆ ಮಹಾನಂದಾ ಹಿತ್ತಲಿಗೆ ಬರುತ್ತಾರೆ. ಬೆಳೆಗೆ ಔಷಧ ಹೊಡೆಯುವ ಪಂಪಿಗೆ ನೀರು ತುಂಬಿ, ಸೆರಗು ಬಿಗಿದು, ಬೆನ್ನಿಗೇರಿಸುತ್ತಾರೆ. ಬೇಲಿಯಾಚೆ ಕಸ ಗುಡಿಸುತ್ತಿದ್ದ ಸುಶೀಲವ್ವನಿಗೆ ನಗೆ ತಡೆಯದು.

"ಏನವಾ, ಕೋರ್ಟ್ ಬಿಟ್ಟು ಎಣ್ಣಿ ಹೊಡಿಯೂ ಕೂಲಿಗೆ ಹೊಂಟಿಯೇನ?"

"ಹೂಂ ಅತ್ತಿ, ನಿಮ್ಮ ಹೊಲದಾಗ ಕೆಲಸ ಐತೇನ್ರಿ? ಚಾ ಕುಡಿಸಿದ್ರ ಸಾಕು."

ಇಂಥದೇ ಪಂಪಿನಿಂದ ಔಷಧ ಸೋರಿ ರೈತರೊಬ್ಬರ ಬೆನ್ನು ಸುಟ್ಟಿದೆ. ಪಂಪು ಮಾರಿದ ಅಂಗಡಿಯವನು ಮಹಾನಂದಾರ ಕಕ್ಷಿದಾರ. ಹಿತ್ತಲು ಸುತ್ತಿ ಬರುವಷ್ಟರಲ್ಲಿ ಅವರ ಕುಪ್ಪಸ ಒದ್ದೆ. "ನೋಡ್ರಿ, ಸೋರತೈತಿ. ತಪ್ಪು ನಿಂದ ಐತಿ, ಹೋಗಿ ಆ ಮನಿಶ್ಯಾಗ ಕೈ ಮುಗಿ ಅಂತ ಅಂಗಡಿಯಾವಗ ಇವತ್ತ ಹೇಳತೇನಿ" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಕೊಂಡ ವಸ್ತು ಕೈಕೊಟ್ಟು ಪೆಟ್ಟಾದವರು ಧಾರವಾಡದ ಗ್ರಾಹಕರ ಆಯೋಗಕ್ಕೆ ಹೋಗುತ್ತಾರೆ. ಅಲ್ಲಿ ವಸ್ತು ಮಾಡಿದವರ, ಮಾರಿದವರ ಪರ ನಿಲ್ಲುವುದು ಇವರ ಕಾಯಕ. ಹೊಗಳುವವರಿಲ್ಲ. "ಕೂಸು ಬಿದ್ದದ್ದು ಕಂಡೂ ತೊಟ್ಲಾ ಮಾಡಿದಾವನ ಕಡಿ ನಿಂತಿ, ನೀ ಹೆಣ್ಣಲ್ಲೇನ?" ಎಂದು ಸಂತೆಯಲ್ಲೇ ಒಬ್ಬಾಕೆ ಕೇಳಿದ್ದುಂಟು.

ಮಹಾನಂದಾರ ತಂದೆ ಈರಬಸಪ್ಪ ಬಿತ್ತನೆಯ ಕೂರಿಗೆ ಮಾಡುತ್ತಿದ್ದರು. ಒಮ್ಮೆ ಕೂರಿಗೆ ಮುರಿದು ಒಬ್ಬರ ಕಾಲು ಹೋಯಿತು. ಈರಬಸಪ್ಪ ಮತ್ತೆ ಮರ ಕೆತ್ತುವ ಬಾಚಿ ಮುಟ್ಟಲಿಲ್ಲ. "ಅಪ್ಪನ ತಪ್ಪಿತ್ತೋ ಇಲ್ಲೋ ಇವತ್ತಿಗೂ ಗೊತ್ತಿಲ್ರಿ. ಕೇಳವ್ರ ಇರಲಿಲ್ಲ." ದೇವರು ಎರಡೂ ಕಡೆಯ ಮಾತು ಕೇಳುತ್ತಾನೆಂದು ನಂಬಿದವರು ನಾವು. ಊರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಸಂತೆಯಲ್ಲಿ ಮಾತು ಬಂದದ್ದು ಕಳೆದ ವರ್ಷದ ಕೇಸಿನ ಬಗ್ಗೆ. ದೇವಿಕೊಪ್ಪದ ಕಡೆಯ ರೇವವ್ವನ ಮನೆಯಲ್ಲಿ ತೊಟ್ಟಿಲಿನ ಕೊಂಡಿ ಬಿಚ್ಚಿ, ಕೂಸು ಬಿದ್ದು ಕೈ ಮುರಿಯಿತು. ಆ ಕೈ ಈಗ ಕೂಡಿದೆ. ದೂರು ಹೋದದ್ದು ತೊಟ್ಟಿಲು ಮಾಡಿ ಬಣ್ಣ ಬರೆದ ಮಾಬುಸಾಬರ ಮೇಲೆ. ಅವರ ಅಂಗಳಕ್ಕೆ ತೊಟ್ಟಿಲು ಕೊಳ್ಳಲು ಬರುವವರೇ ನಿಂತುಹೋದರು.

ಮಹಾನಂದಾ ಹೋಗಿ ತೊಟ್ಟಿಲು ನೋಡಿದರು. ಮೂರು ಕೊಂಡಿ ಕುಲುಮೆಯಲ್ಲಿ ಬಡಿದದ್ದು, ನಾಲ್ಕನೆಯದು ಬರೀ ಮಣಿಸಿದ ತಂತಿ. ಈ ಕಡೆ ಒಂದು ಮನೆ ಕೊಂಡ ತೊಟ್ಟಿಲು ಓಣಿಯ ಬಾಣಂತಿಯರ ಮನೆಗಳನ್ನೆಲ್ಲ ಸುತ್ತುತ್ತದೆ. ರೇವವ್ವನ ಮನೆಯಿಂದ ಹಾಗೆ ಒಯ್ದಿದ್ದ ಕೂಲಿಯ ಹೆಣ್ಣುಮಗಳೊಬ್ಬಳು, ಕೊಂಡಿ ಕಳೆದದ್ದಕ್ಕೆ ಹೆದರಿ, ತಂತಿ ಕಟ್ಟಿ ಸುಮ್ಮನೆ ಮರಳಿಸಿದ್ದಳು. ದೂರಿನ ಸುದ್ದಿ ತಿಳಿದು, ತಾನಾಗಿಯೇ ಮಾಬುಸಾಬರ ಬಳಿ ಬಂದು ಅತ್ತು ಹೇಳಿದಳು.

ಆಕೆಯನ್ನು ಸಾಕ್ಷಿಗೆ ಕರೆದರೆ ಕೇಸು ಗೆದ್ದಂತೆಯೇ. ಮಾಬುಸಾಬರು ಒಪ್ಪಲಿಲ್ಲ.

"ಬ್ಯಾಡ್ರಿ ಬಾಯಾರ. ನಾ ಮುದುಕಾ, ಬೈಸಿಕೊಂಡು ಕಬರಸ್ತಾನಕ್ಕ ಹೋಗತೇನಿ. ಆಕಿ ಆ ಓಣ್ಯಾಗ ಬಾಳೇ ಮಾಡಬೇಕಲ್ಲ."

"ಸೋತ್ರ ನನಗ ಬೈಬ್ಯಾಡ್ರಿ ಮತ್ತ, ಕಾಕಾ."

"ಬೈದ ಬೈತೇನಿ. ವಕೀಲರಿಗೆ ಬೈಲಾರದ ಯಾರಿಗೆ ಬೈಯೂದು?"

ಆಯೋಗದಲ್ಲಿ ಮಹಾನಂದಾ ರೇವವ್ವನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಯವ್ವಾ, ಈ ತಂತಿ ಮಾಬುಸಾಬರು ಹಾಕಿದ್ದೇನ್ರಿ?"

ರೇವವ್ವ ಬಗ್ಗಿ ತಂತಿ ಮುಟ್ಟಿ ನೋಡಿದರು. "ಸುಳ್ಳ ಹೆಂಗ ಹೇಳ್ಲಿ? ಅವರು ಕೊಟ್ಟಾಗ ನಾಕೂ ಕಬ್ಬಿಣದ್ವು."

"ಹಾಗಾದರೆ ಯಾರು ಹಾಕಿದ್ದು?" ಎದುರು ವಕೀಲರು ಎದ್ದರು.

"ನಮ್ಮ ಕಕ್ಷಿದಾರರಲ್ಲ. ಮುಂದಿಂದು ಹೇಳೂದು ನನ್ನ ಕೆಲಸಲ್ರಿ" ಎಂದು ಮಹಾನಂದಾ ಕುಳಿತುಬಿಟ್ಟರು. ತೊಟ್ಟಿಲು ಒಯ್ದಾಕೆ ನೆನಪಾದ ರೇವವ್ವನೂ ಸೆರಗು ಬಾಯಿಗೆ ಒತ್ತಿಕೊಂಡು, ಹೆಸರೆತ್ತಲಿಲ್ಲ. ದೂರು ವಜಾ ಆಯಿತು. ಮಾಬುಸಾಬರು ಕರೆಯದೆಯೇ ಹೋಗಿ ಹೊಸ ಕೊಂಡಿ ಕೂಡಿಸಿ ಬಂದರು.

ಆ ಹೆಣ್ಣುಮಗಳು ಯಾರೆಂದು ಕೇಳುತ್ತೇನೆ. ಕರಿಕೋಟು ಮಡಚುತ್ತಿದ್ದ ಮಹಾನಂದಾ ನಗುತ್ತಾರೆ. "ಅಲ್ಲೆ ಸುಮ್ಮಿದ್ದು ಪೇಪರಿನವರಿಗೆ ಹೇಳ್ಲೇನ್ರಿ?"

ಧಾರವಾಡಕ್ಕೆ ಹೋಗಲು ಬಸ್ಸಿನ ಹೊತ್ತಾಗಿದೆ. ಹೊಸ್ತಿಲು ದಾಟುವಾಗ ಮೆಲ್ಲಗೆ ಹೇಳುತ್ತಾರೆ: "ಆಕಿಗೆ ಈಗ ಇನ್ನೊಂದು ಕೂಸಾಗೈತಿ. ನಾಚಿಕಿಗೆ ತೊಟ್ಲಾ ಕೇಳಾಕ ಹೋಗಿರಲಿಲ್ಲ. ರೇವವ್ವ ತಾನ ಆ ತೊಟ್ಲಾ ತಲಿ ಮ್ಯಾಲ ಹೊತ್ತು ಒಯ್ದು ಕೊಟ್ಟಾಳ್ರಿ."